ಅಂಗೈಯಲ್ಲಿ ಕಂಡ ಎರಡು ಲಿಂಗ

ಬೆಲ್ಲದ ಬಾಗೇವಾಡಿ
೨-೧೨-೨೦೨೪, ಸೋಮವಾರ

ಅಕ್ಕ,

ಹನ್ನೊಂದು ಸಲ ಫೋನು ಮಾಡಿದೆ. ಹನ್ನೊಂದು ಸಲವೂ ಭಾವನವರೇ ಎತ್ತಿದರು. "ನಿಮ್ಮಕ್ಕ ಮೌನ ಹಿಡದಾಳವಾ, ಸಂಕ್ರಾಂತಿ ತನಕಾ ಮಾತಾಡೂದಿಲ್ಲಂತ" ಅಂದರು. ಮೌನ ಹಿಡಿದವರು ಬಾಯಿ ಕಟ್ಟುತ್ತಾರೆ, ಕೈ ಕಟ್ಟುವುದಿಲ್ಲವಲ್ಲ? ಅದಕ್ಕೇ ಈ ಪತ್ರ. ಏಳನೇ ಈಯತ್ತೆ ಬಿಟ್ಟ ಮೇಲೆ ಯಾರಿಗೂ ಪತ್ರ ಬರೆದವಳಲ್ಲ ನಾನು. ತಪ್ಪಿದ್ದರೆ ತಿದ್ದಿಕೊಂಡು ಓದು.

ನೇರವಾಗಿ ಕೇಳುತ್ತೇನೆ. ಕಳೆದ ವಾರ ನನ್ನ ಮಗಳು ಐಶ್ವರ್ಯಳ ನಿಶ್ಚಯದ ಸಂಜೆ, ಗೋಕಾಕದ ಬೀಗರು ಎಲ್ಲರ ಬಾಯಿ ಸಿಹಿ ಮಾಡಲು ಕರದಂಟು ಹಂಚಿದರು. ಹುಡುಗಿಯ ದೊಡ್ಡವ್ವ ಅಂತ ಮೊದಲ ತುಂಡು ನಿನ್ನ ಕೈಗೇ ಕೊಟ್ಟರು. ನೀನು ಅದನ್ನು ಬಾಯಲ್ಲಿಟ್ಟುಕೊಂಡು, ಸೆರಗು ಅಡ್ಡ ಹಿಡಿದು, ಹಿತ್ತಲಿಗೆ ಹೋಗಿ ಕಣಕಿ ಬಣವೆಯ ಹಿಂದೆ ಉಗುಳಿ ಬಂದಿ. ನಾನು ನೋಡಿಲ್ಲ. ನೋಡಿದವಳು ಯಲ್ಲವ್ವ, ಹುಡುಗ ಶ್ರೀಶೈಲನ ತಾಯಿ!

ಎರಡು ದಿನ ಸುಮ್ಮನಿದ್ದು ಆಮೇಲೆ ಫೋನು ಮಾಡಿದರು. "ಬೀಗತೇರ, ನಿಮ್ಮ ಅಕ್ಕಾರಿಗೆ ಈ ಸಂಬಂಧ ಮನಸಿಗಿ ಇಲ್ಲೇನ್ರಿ? ನಾವು ಕೊಟ್ಟ ಸಿಹಿ ಉಗುಳಿದ್ರು. ಹಿರ‍್ಯಾರು ಹಂಗ ಮಾಡಿದ ಮ್ಯಾಲೆ ತಾರೀಖು ಹೆಂಗ ತಗಸೂದ್ರಿ?" ಅಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನೀನು ಮೂಡಲಗಿಯಿಂದ ತಂದಿದ್ದ ಸಂಬಂಧವನ್ನು ನಾವು ಒಪ್ಪಲಿಲ್ಲ. ಆ ಸಿಟ್ಟು ಇದು, ನನಗೆ ಗೊತ್ತು. ಸಿಟ್ಟಿದ್ದರೆ ನನ್ನ ಕಪಾಳಕ್ಕೆ ಹೊಡೆಯಬೇಕಿತ್ತು. ಹುಡುಗಿ ಏನು ಮಾಡಿದ್ದಳು?

ವಿಜಯಲಕ್ಷ್ಮಿ


ನಾಗನೂರು
೭-೧೨-೨೦೨೪, ಮುಂಜಾನೆ

ತಂಗಿ ವಿಜಿಗೆ ನಿನ್ನಕ್ಕ ಕಸ್ತೂರಿಯ ಶರಣು.

ಪತ್ರ ಮುಟ್ಟಿತು. ಸಿಟ್ಟಿನಲ್ಲಿಯೂ ನಿನ್ನ ಅಕ್ಷರ ದುಂಡಗೇ ಇವೆ.

ಸಂಬಂಧ ನನಗೆ ಒಪ್ಪಿಗೆ ಇದೆ. ಶ್ರೀಶೈಲ ಒಳ್ಳೆಯ ಹುಡುಗ, ಹಿರಿಯರು ಕಂಡರೆ ಎದ್ದು ನಿಲ್ಲುತ್ತಾನೆ. ಮೂಡಲಗಿಯ ಮಾತನ್ನು ನಾನು ಅಂದೇ ಮರೆತೆ, ನೀನು ಯಾಕೆ ಎತ್ತಿಟ್ಟುಕೊಂಡಿ? ಕರದಂಟು ಬಾಯಿಗೆ ಸೇರಲಿಲ್ಲ, ಅಷ್ಟೇ. ವ್ರತದಲ್ಲಿದ್ದೆ ಅಂತ ಯಲ್ಲವ್ವನವರಿಗೆ ಹೇಳು.

ಮೌನದ ಜೊತೆ ಒಪ್ಪತ್ತು ಊಟವನ್ನೂ ಹಿಡಿದಿದ್ದೇನೆ. ಮುಂಜಾನೆ ಒಂದು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಉಣ್ಣುತ್ತೇನೆ. ಸಂಜೆ ಏನೂ ಇಲ್ಲ. ದೇವರು ನಡೆಸಿದಂತೆ ನಡೆದಿದೆ.

ಒಂದು ತಮಾಷೆ ಹೇಳುತ್ತೇನೆ, ನಗು. ಮೊನ್ನೆ ಸಂಜೆ ಪೂಜೆಗೆ ಕೂತಿದ್ದೆ. ಓಣಿಯ ಕುರುಬರ ಹಣಮವ್ವ ಬಂದವಳು ನನ್ನ ಅರೆ ಮುಚ್ಚಿದ ಕಣ್ಣು ನೋಡಿ, "ಯವ್ವಾ, ಎಂಥಾ ಧ್ಯಾನ ಹತ್ತೇತಿ ನೋಡ್ರಿ, ಕಣ್ಣ ತೆರಿಯಾಕ ಮನಸಿಲ್ಲ ಅಕಿಗೆ" ಅಂತ ಕಾಲು ಮುಟ್ಟಿ ಹೋದಳು. ಮರುದಿನ ನಾಲ್ಕು ಮಂದಿ ಬಂದರು. ಒಬ್ಬಾಕೆ ಕೂಸಿನ ಹಣೆಗೆ ನನ್ನ ಕೈಯಿಂದ ಭಸ್ಮ ಹಚ್ಚಿಸಿಕೊಂಡಳು. ಮೌನದಲ್ಲಿರುವವಳು ಬೇಡ ಅನ್ನುವುದು ಹೇಗೆ?

ನನ್ನ ಚಿಂತೆ ಬಿಡು. ಐಶ್ವರ್ಯಗೆ ಆಶೀರ್ವಾದ.

ಕಸ್ತೂರಿ


ಬೆಲ್ಲದ ಬಾಗೇವಾಡಿ
೧೧-೧೨-೨೦೨೪

ಅಕ್ಕ,

ನಾನು ನಗಲಿಲ್ಲ.

ವ್ರತ ಅಂತ ಹೇಳು ಅಂದಿ, ಹೇಳಿದೆ. ಯಲ್ಲವ್ವ ಏನಂದರು ಗೊತ್ತೇ? "ವ್ರತಾ ಇದ್ದವರು ಕೈಯಾಗ ತಗೊಂಡು ಕಣ್ಣಿಗೊತ್ತಿ ಇಡ್ತಾರ್ರಿ. ಬಾಯಾಗ ಹಾಕ್ಕೊಂಡು ಉಗುಳೂದು ಯಾವ ವ್ರತಾ?"

ಊರ ಕೂಸುಗಳಿಗೆಲ್ಲ ಭಸ್ಮ ಹಚ್ಚುತ್ತಿ, ನೀನೇ ಎತ್ತಿ ಆಡಿಸಿದ ನನ್ನ ಮಗಳ ಪರವಾಗಿ ಒಂದು ಮಾತು ಆಡಲಾರಿ. ಅವಳು ಹುಕ್ಕೇರಿಯ ಔಷಧಿ ಅಂಗಡಿಯ ಕೆಲಸಕ್ಕೆ ಡಬ್ಬಿ ಒಯ್ಯುತ್ತಾಳೆ, ತುಂಬಿದ್ದನ್ನೇ ವಾಪಸು ತರುತ್ತಾಳೆ. ನನ್ನ ಮುಂದೆ ಅತ್ತಿಲ್ಲ.

ಗೋಕಾಕಕ್ಕೆ ಹೋಗಿ ಯಲ್ಲವ್ವನ ಎದುರು ಕೂತು, ಸಂಬಂಧ ಒಪ್ಪಿಗೆ ಅಂತ ಬಾಯಿ ಬಿಟ್ಟು ಹೇಳು. ಆಗದಿದ್ದರೆ ಮೌನದಲ್ಲೇ ಇರು, ನನಗೆ ಅಕ್ಕ ಇದ್ದಳು ಅನ್ನುವುದನ್ನು ಮರೆಯುತ್ತೇನೆ.

ವಿಜಯಲಕ್ಷ್ಮಿ


ನಾಗನೂರು
೧೭-೧೨-೨೦೨೪

ವಿಜಿ,

ಈ ಪತ್ರವನ್ನು ಎರಡು ಮುಂಜಾನೆ ಕೂತು ಬರೆದಿದ್ದೇನೆ. ಮಧ್ಯಾಹ್ನದ ಮೇಲೆ ಸಾಲುಗಳು ಒಂದರ ಮೇಲೊಂದು ಹತ್ತಿ ಕೂಡುತ್ತವೆ, ಬರೆಯಲು ಆಗುವುದಿಲ್ಲ. ಯಾಕೆ ಅನ್ನುವುದನ್ನೇ ಹೇಳಲು ಹೊರಟಿದ್ದೇನೆ. ಐಶ್ವರ್ಯಗೆ ತಿಳಿಸಬೇಡ.

ದಸರೆಯ ನಂತರ ಒಂದು ಸಂಜೆ ಪೂಜೆಗೆ ಕೂತು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟೆ. ಎರಡು ಕಂಡವು. ಒಂದರ ಪಕ್ಕಕ್ಕೆ ಒಂದು, ಎರಡೂ ನಿಚ್ಚಳ. ಕಣ್ಣು ಒರೆಸಿಕೊಂಡೆ. ಮತ್ತೂ ಎರಡು. ದೇವನೊಬ್ಬನೇ ಅಂತ ಎಂಟು ವರ್ಷದವಳಿದ್ದಾಗಿನಿಂದ ಈ ಅಂಗೈ ಹಿಡಿದವಳಿಗೆ, ಐವತ್ತಕ್ಕೆ ಎರಡು! ಯಾವ ಪಾಪಕ್ಕೆ ಈ ಶಿಕ್ಷೆ? ಯಾರಿಗೆ ಹೇಳಲಿ? ನಿನ್ನ ಭಾವ ಗುರುಲಿಂಗಪ್ಪನವರಿಗೆ ಹೇಳಿದರೆ ಮೊದಲು ಗಾಬರಿಯಾಗುತ್ತಾರೆ, ಆಮೇಲೆ ಇಡೀ ಓಣಿಗೆ ಹೇಳುತ್ತಾರೆ.

ಮುಂಜಾನೆ ಒಂದೇ ಕಾಣುತ್ತಿತ್ತು. ಸಂಜೆಗೆ ಎರಡು. ಆಮೇಲೆ ಎಡಗಣ್ಣಿನ ರೆಪ್ಪೆ ಇಳಿಬಿದ್ದಿತು. ಮಠದಲ್ಲಿ ಅಕ್ಕನ ಬಳಗದ ಹೆಂಗಸರೊಂದಿಗೆ ಸೋಮವಾರ ಸಂಜೆ ವಚನ ಹಾಡುತ್ತೇನಲ್ಲ, ಮೂರನೆಯದಕ್ಕೆ ಬರುವಷ್ಟರಲ್ಲಿ ದನಿ ಮೂಗಿಗೆ ಏರುತ್ತಿತ್ತು. ರೊಟ್ಟಿ ಅರ್ಧ ಅಗಿಯುವುದರಲ್ಲಿ ದವಡೆ ನಿಂತುಬಿಡುತ್ತಿತ್ತು. ನೀರು ಕುಡಿದರೆ ಮೂಗಿನಿಂದ ಬರುತ್ತಿತ್ತು. ನೋವಿಲ್ಲ, ಜ್ವರವಿಲ್ಲ.

ದವಾಖಾನೆಗೆ ಹೋಗಿದ್ದೆ. ನಮ್ಮ ರೂಢಿ ನಿನಗೆ ಗೊತ್ತು, ನಸುಕಿನಲ್ಲಿ ನಂಬರು ಹಚ್ಚಿ, ಜಳಕ ಪೂಜೆ ಮುಗಿಸಿ, ಒಂಬತ್ತಕ್ಕೆಲ್ಲ ಹೋಗಿ ಕೂಡುವುದು. ಆ ಹೊತ್ತಿಗೆ ನನ್ನ ಕಣ್ಣು, ದನಿ, ದವಡೆ ಎಲ್ಲ ನೆಟ್ಟಗೆ! "ಏನೂ ಇಲ್ರಿ, ಅಶಕ್ತಿ" ಅಂತ ಸಲಾಯಿನ್ ಬಾಟಲಿ ಏರಿಸಿ ಕಳಿಸಿದರು. ಮೂರು ಸಲ ಹೀಗೇ ಆಯಿತು. ಡಾಕ್ಟರಿಗೂ ಕಾಣದ್ದು ಅಂದರೆ ಅದು ದೇವರ ಸಿಟ್ಟೇ ಅಂತ ಗಟ್ಟಿ ಮಾಡಿಕೊಂಡೆ.

ಅದಕ್ಕೇ ಮೌನ. ಅದಕ್ಕೇ ಒಪ್ಪತ್ತು. ಪ್ರಾಯಶ್ಚಿತ್ತ ಅಂತ ಅರ್ಧ. ಇನ್ನರ್ಧ, ವಿಜಿ, ಮುಚ್ಚಿಡುವ ಉಪಾಯ. ಮಾತಾಡಲಾರದವಳು ಮೌನಿ ಆದೆ. ನುಂಗಲಾರದವಳು ಉಪವಾಸಿ ಆದೆ. ಕಣ್ಣು ಬಿಡಲಾರದವಳನ್ನು ಮಂದಿ ಧ್ಯಾನಿ ಅಂದರು, ಅನ್ನಿಸಿಕೊಂಡೆ. ಆ ಪಾಪ ಮಾತ್ರ ಖರೆ ನನ್ನದು.

ನಿಶ್ಚಯ ಇದ್ದದ್ದು ಸಂಜೆ. ಕರದಂಟು ಬಾಯಲ್ಲಿಟ್ಟು ನಾಲ್ಕು ಸಲ ಅಗಿದೆ. ದವಡೆ ನಿಂತಿತು. ತುಂಡು ಗಂಟಲ ಬಾಯಿಗೆ ಜಾರಿ ಉಸಿರು ಕಟ್ಟಿತು. ಅಲ್ಲೇ ಕೆಮ್ಮಿ ಬಿದ್ದರೆ ಬೀಗರು ಏನನ್ನುತ್ತಾರೆ? ಹುಡುಗಿಯ ದೊಡ್ಡವ್ವಗೆ ಲಕ್ವಾ, ಆ ಮನೆತನದಲ್ಲೇ ರೋಗ ಇದೆ ಅನ್ನುತ್ತಾರೆ. ಐಶ್ವರ್ಯಳ ಸಂಬಂಧ ನನ್ನಿಂದ ಮುರಿಯಬಾರದು ಅಂತ ಎದ್ದು ಓಡಿದೆ. ಆ ಓಟದಿಂದಲೇ ಮುರಿಯುವ ಹಾಗಾಯಿತು.

ಈಗೀಗ ನಾಲ್ಕು ಮೆಟ್ಟಿಲು ಏರಿದರೆ ಉಸಿರು ಸಾಲದು. ನನಗೆ ಹೆದರಿಕೆ ಆಗಿದೆ, ವಿಜಿ. ಅಕ್ಕ ಇದ್ದಳು ಅಂತ ಬರೆದಿದ್ದಿಯಲ್ಲ, ಹಾಗೆ ಬರೆಯಬೇಡ.

ಕಸ್ತೂರಿ


ಬೆಲ್ಲದ ಬಾಗೇವಾಡಿ
೨೧-೧೨-೨೦೨೪

ಅಕ್ಕ,

ಐಶ್ವರ್ಯಗೆ ತಿಳಿಸಬೇಡ ಅಂದಿದ್ದಿ. ಪತ್ರ ಓದಿ ನಾನು ಅಡಿಗೆಮನೆಯಲ್ಲಿ ಕೂತು ಅಳುತ್ತಿದ್ದೆ, ಅವಳು ಬಂದು ಕೈಯಿಂದ ಕಸಿದುಕೊಂಡಳು. ಎರಡು ಸಲ ಓದಿದಳು. ಔಷಧಶಾಸ್ತ್ರ ಕಲಿತವಳಲ್ಲವೇ, ಅಳಲಿಲ್ಲ. ಕೇಳಿದ್ದು ಒಂದೇ. "ದೊಡ್ಡವ್ವ ಒಂದು ಕಣ್ಣ ಕೈಲೆ ಮುಚ್ಚಿ ನೋಡಿದ್ರ ಒಂದ ಕಾಣ್ತೈತೋ, ಎರಡೋ?" ನೋಡಿ ಇಟ್ಟುಕೊ.

ಇನ್ನೊಂದು ಮಾತನ್ನೂ ಬರೆಸಿದಳು. ನೀನು ಮುಂಜಾನೆ ಹೋದದ್ದೇ ತಪ್ಪು. ದಣಿದಾಗ ಕಾಣುವ ರೋಗವನ್ನು ದಣಿದೇ ತೋರಿಸಬೇಕಂತೆ. ಗೋಕಾಕಕ್ಕೆ ಶನಿವಾರ ಸಂಜೆ ನರಗಳ ಡಾಕ್ಟರು ಬರುತ್ತಾರೆ, ಇಪ್ಪತ್ತೆಂಟನೆಯ ತಾರೀಖು ಐದಕ್ಕೆ ನಂಬರು ಹಚ್ಚಿದ್ದಾಳೆ. ಘಟಪ್ರಭಾ ಸ್ಟೇಷನ್ನಿಗೆ ಬಾ, ಅವಳು ಅಲ್ಲಿರುತ್ತಾಳೆ. ಅದಕ್ಕೂ ಮೊದಲೇ ಉಸಿರು ಕಟ್ಟಿದರೆ ಶನಿವಾರಕ್ಕೆ ಕಾಯಬಾರದು, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಬೇಕಂತೆ. ಭಾವನವರಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೇನೆ. ಓಣಿಗೆ ಹೇಳಿದರೆ ಹೇಳಲಿ!

ನಾನು ಬರಲಾರೆ. ಫ್ಯಾಕ್ಟರಿಯ ಆರ್ಡರು ಬಂದು ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗು ಇಳಿದಿದೆ. ಇದ್ದಲ್ಲೇ ಬೇಯುತ್ತಿದ್ದೇನೆ.

ಒಪ್ಪತ್ತು ಬಿಡು. ಅಂಬಲಿಯಾದರೂ ಎರಡು ಹೊತ್ತು ಕುಡಿ. ದೇವರಿಗೆ ನಾನು ಉತ್ತರ ಕೊಡುತ್ತೇನೆ.

ನಿನ್ನ ವಿಜಿ


ನಾಗನೂರು
೩೦-೧೨-೨೦೨೪, ಸಂಜೆ

ವಿಜಿ,

ಮೇಲೆ ಸಂಜೆ ಅಂತ ಬರೆದಿದ್ದೇನೆ, ನೋಡಿದಿಯಾ? ಸಾಲುಗಳು ತಮ್ಮ ತಮ್ಮ ಜಾಗದಲ್ಲಿವೆ.

ಐಶ್ವರ್ಯ ಎಲ್ಲ ಹೇಳಿರುತ್ತಾಳೆ. ನನ್ನಿಂದಲೂ ಕೇಳು. ಮೊದಲು ಅವಳ ಪ್ರಶ್ನೆಗೆ ಉತ್ತರ: ಒಂದು ಕಣ್ಣು ಮುಚ್ಚಿದರೆ ಒಂದೇ ಕಾಣುತ್ತಿತ್ತು. ಎರಡೂವರೆ ತಿಂಗಳು ನನಗೆ ಇದು ಹೊಳೆಯಲಿಲ್ಲ. ದೇವರ ಮುಂದೆ ಒಂದು ಕಣ್ಣು ಮುಚ್ಚಿ ಕೂಡುವವರುಂಟೇ? ಕಣ್ಣು ಹೊಡೆದಂತೆ ಆಗುವುದಿಲ್ಲವೇ?

ಶನಿವಾರ ಬೇಕೆಂದೇ ಒಂದು ಬುಟ್ಟಿ ಜೋಳ ಹಸನು ಮಾಡಿ ಹೊರಟೆ. ಡಾಕ್ಟರ ಹೆಸರು ಶಿವಾನಂದ. ಇನ್ನೂ ಎಳೆಯ ಮುಖ, ಇವನೇನು ನೋಡುತ್ತಾನೆ ಅನ್ನಿಸಿತು. "ಅವ್ವಾರ, ಮ್ಯಾಲೆ ಫ್ಯಾನ ನೋಡ್ರಿ, ಕಣ್ಣ ಮಿಟಕಸಬ್ಯಾಡ್ರಿ" ಅಂದರು. ನಿಮಿಷ ಆಗುವುದರೊಳಗೆ ಎಡ ರೆಪ್ಪೆ ಅಂಗಡಿಯ ಶಟರಿನಂತೆ ಇಳಿಯಿತು. "ಗಟ್ಟಿಯಾಗಿ ಎಣಸ್ರಿ" ಅಂದರು. ಒಂದು ತಿಂಗಳ ಮೌನ ಅಲ್ಲಿ ಮುರಿಯಿತು. ಮೂವತ್ತಕ್ಕೆ ಬರುವಷ್ಟರಲ್ಲಿ ದನಿ ಮೂಗಿನಲ್ಲಿತ್ತು.

ಆಮೇಲೆ ರಬ್ಬರಿನ ಕೈಗವಸಿನಲ್ಲಿ ಬರ್ಫ ತುಂಬಿ, ಮುಚ್ಚಿದ ಕಣ್ಣಿನ ಮೇಲೆ ಎರಡು ನಿಮಿಷ ಇಟ್ಟರು. ತೆಗೆದು, "ಈಗ ತೆರೀರಿ" ಅಂದರು.

ತೆರೆಯಿತು, ವಿಜಿ. ಪೂರಾ ತೆರೆಯಿತು. ಐಶ್ವರ್ಯ ಹಿಡಿದ ಕನ್ನಡಿಯಲ್ಲಿ ನನ್ನದೇ ಎರಡು ಕಣ್ಣು ನನ್ನನ್ನು ನೋಡುತ್ತಿದ್ದವು.

"ಏನ ಮಂತ್ರ ಹಾಕಿದ್ರಿ, ಸಾಹೇಬ್ರ?" ಅಂದೆ.

"ಎಂಟಾಣೇದ ಬರ್ಫರಿ ಅವ್ವಾರ. ಮಂತ್ರ ಕಲಿಸಿಲ್ಲ ನಮಗ."

ಈಗ ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಮಿದುಳಿನ ಅಪ್ಪಣೆ ನರದ ಗುಂಟ ಕರೆಂಟಿನಂತೆ ಬರುತ್ತದೆ. ಆದರೆ ನರ ಹೋಗಿ ಸ್ನಾಯುವಿಗೆ ಮುಟ್ಟಿಯೇ ಇಲ್ಲವಂತೆ, ನಡುವೆ ಕಣ್ಣಿಗೆ ಕಾಣದ ಸಂದು ಇದೆ. ಆ ಸಂದು ದಾಟಿಸಲು ನರದ ತುದಿ ಒಂದು ರಸ ಬಿಡುತ್ತದೆ. ಅಸಿಟೈಲ್‌ಕೋಲೀನ್ ಅಂತ ಅದರ ಹೆಸರು, ಐಶ್ವರ್ಯಳಿಂದ ಚೀಟಿಯಲ್ಲಿ ಬರೆಸಿಕೊಂಡೆ. ಸ್ನಾಯುವಿನ ಮೇಲೆ ಅದನ್ನು ಹಿಡಿಯುವ ಕೊಂಡಿಗಳಿವೆ. ರಸ ಕೊಂಡಿಗೆ ಕೂತರೆ ಸ್ನಾಯು ಎಳೆಯುತ್ತದೆ, ರೆಪ್ಪೆ ಏಳುತ್ತದೆ, ದವಡೆ ಅಗಿಯುತ್ತದೆ. ಇಂಥ ರಸಗಳು ಮೈಯಲ್ಲಿ ಹತ್ತಾರು ಇವೆಯಂತೆ, ನಿದ್ರೆಗೆ ಒಂದು, ನಡಿಗೆಗೆ ಒಂದು, ಮನಸ್ಸು ಹಗುರಾಗಲು ಒಂದು. ಯಾವುದು ಹೆಚ್ಚುಕಡಿಮೆ ಆದರೂ ಅದಕ್ಕೊಂದು ರೋಗ.

ನನ್ನಲ್ಲಿ ರಸ ಇದೆ. ಕೊಂಡಿಗಳು ಹೋಗಿವೆ. ಹೊರಗಿನ ರೋಗವನ್ನು ಕಾಯಬೇಕಾದ ಮೈಯ ಕಾವಲು ಪಡೆಯೇ ದಾರಿ ತಪ್ಪಿ ನಮ್ಮ ಕೊಂಡಿಗಳನ್ನು ಕೆಡಿಸಿದೆ. "ಕುರಿ ಕಾಯೂ ನಾಯಿ ತಾನ ಕುರಿಗೆ ಬಾಯಿ ಹಾಕಿದಂಗರಿ" ಅಂದರು. ವಿಶ್ರಾಂತಿ ಪಡೆದ ನರ ಮುಂಜಾನೆ ರಸ ಧಾರಾಳ ಬಿಡುತ್ತದೆ, ಉಳಿದಷ್ಟು ಕೊಂಡಿಗಳಲ್ಲೇ ಕೆಲಸ ಸಾಗುತ್ತದೆ. ಒಂದೇ ಸ್ನಾಯು ಮತ್ತೆ ಮತ್ತೆ ದುಡಿದರೆ ಸಲ ಸಲಕ್ಕೂ ರಸ ಕಡಿಮೆಯಾಗುತ್ತದೆ, ಆಗ ಸಾಲುವುದಿಲ್ಲ. ಎರಡು ಕಣ್ಣುಗಳೂ ಕೂಡಿ ತಿರುಗದಿದ್ದರೆ ಒಂದು ವಸ್ತು ಎರಡಾಗಿ ಕಾಣುತ್ತದೆ.

ಬಿಟ್ಟ ರಸವನ್ನು ಆಗಿಂದಾಗ ಒಡೆದು ಬಳಿದುಹಾಕುವ ಪದಾರ್ಥವೂ ಅಲ್ಲೇ ಇದೆಯಂತೆ. ತಂಪು ತಗುಲಿದರೆ ಅದರ ಕೈ ನಿಧಾನವಾಗುತ್ತದೆ, ರಸ ತುಸು ಹೊತ್ತು ಹೆಚ್ಚು ನಿಲ್ಲುತ್ತದೆ. ಬರ್ಫ ಮಾಡಿದ್ದು ಅದನ್ನೇ. ಅವರು ಕೊಟ್ಟ ಗುಳಿಗೆ ಮಾಡುವುದೂ ಅದನ್ನೇ.

ನಾನು ಧೈರ್ಯ ಮಾಡಿ ಲಿಂಗ ಎರಡು ಕಂಡದ್ದು ಹೇಳಿದೆ. "ಇದು ಪಾಪದ ಫಲ ಅಲ್ಲೇನ್ರಿ?"

ಆ ಹುಡುಗ ನಗಲಿಲ್ಲ. "ಪಾಪ ಪುಣ್ಯ ನಂಗ ತಿಳಿಯೂದಿಲ್ರಿ ಅವ್ವಾರ. ಆದ್ರ ಈ ರೋಗದಾಗ ಒಬ್ಬರಿಗೆ ಎರಡು ಎಮ್ಮಿ ಕಾಣ್ತಾವ, ಒಬ್ಬರಿಗೆ ಎರಡು ಬಸ್ ಕಾಣ್ತಾವ. ನೀವು ದಿನಾ ಲಿಂಗ ನೋಡ್ತೀರಿ, ನಿಮಗ ಲಿಂಗ ಕಂಡ್ವು. ನೀವು ನೋಡಿದ್ದು ಚಲೋದ ಐತಿ ಅಲ್ರಿ?"

ಎರಡೂವರೆ ತಿಂಗಳ ಕಲ್ಲು ಎದೆಯಿಂದ ಇಳಿಯಿತು. ಐಶ್ವರ್ಯ ಆಗ ಅತ್ತಳು. ನನ್ನ ಮುಂದೆ ಅತ್ತಳು, ನಿನ್ನ ಮುಂದೆ ಅಲ್ಲ ಅಂತ ಹೊಟ್ಟೆಕಿಚ್ಚು ಪಡಬೇಡ.

ಅಲ್ಲೇ ಒಂದು ಗುಳಿಗೆ ನುಂಗಿಸಿದರು. ಮುಕ್ಕಾಲು ತಾಸಿಗೆ ಚಹಾ ಕುಡಿದೆ, ಮೂಗಿನಿಂದ ಒಂದು ಹನಿ ಬರಲಿಲ್ಲ. ನಿನ್ನೆ ಸಂಜೆ ಪೂಜೆಗೆ ಕೂತೆ. ಹೆದರಿ ಹೆದರಿ ಕಣ್ಣು ತೆರೆದೆ.

ಒಂದೇ.

ಮೊದಲ ದಿನ ಹೊಟ್ಟೆ ಬಹಳ ನುಲಿಯಿತು, ಅದು ಗುಳಿಗೆಯ ಗುಣವಂತೆ. ಎದೆಯ ಫೋಟೋ ಒಂದನ್ನು ಬೆಳಗಾವಿಯಲ್ಲಿ ತೆಗೆಸಬೇಕು. ಎದೆಯೊಳಗಿನ ಒಂದು ಗ್ರಂಥಿಯಲ್ಲಿ ಗಡ್ಡೆ ಇದ್ದರೆ ಕೊಯ್ಯಬೇಕಾಗುತ್ತದೆ. ಅದಕ್ಕೂ ಈಗ ಹೆದರಿಕೆ ಇಲ್ಲ. ಇಂಗ್ಲಿಷಿನ ಆ ಉದ್ದನೆಯ ಹೆಸರು ನನ್ನ ನಾಲಿಗೆಗೆ ಹೊರಳದು, ಆದರೂ ಹೆಸರು ಗೊತ್ತಾದ ರೋಗ ಅರ್ಧ ರೋಗ.

ಕಸ್ತೂರಿ


ಬೆಲ್ಲದ ಬಾಗೇವಾಡಿ
೮-೧-೨೦೨೫

ಅಕ್ಕ,

ನಿನ್ನ 'ಒಂದೇ' ಓದಿ ದೇವರ ಜಗಲಿಯ ಮುಂದೆ ತುಪ್ಪದ ದೀಪ ಹಚ್ಚಿದೆ. ಈಗ ನನ್ನ ಸರದಿ, ಒಂದು ಮಾತು ಒಪ್ಪಿಕೊಳ್ಳಬೇಕು.

ಯಲ್ಲವ್ವ ಮೊದಲು ಫೋನು ಮಾಡಿದ ದಿನವೇ ನಾನು, "ಅಕಿ ಮಾತು ಹಿಡೀಬ್ಯಾಡ್ರಿ, ಅಕಿಗೆ ಮೊದಲಿಂದ ನಮ್ಮ ಚಲೋದು ಕಂಡ್ರ ಆಗೂದಿಲ್ಲ" ಅಂದುಬಿಟ್ಟಿದ್ದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿ ಹಾಗಂದೆ. ನೀನೋ ನನ್ನ ಮಗಳಿಗಾಗಿ ಉಸಿರು ಕಟ್ಟಿಸಿಕೊಂಡಿದ್ದಿ.

ಭಾನುವಾರ ಕಬ್ಬಿನ ಗ್ಯಾಂಗು ಎದ್ದಿತು. ಐಶ್ವರ್ಯಳನ್ನು ಕರೆದುಕೊಂಡು ನೆಟ್ಟಗೆ ಗೋಕಾಕಕ್ಕೆ ಹೋದೆ. ಆಡಿದ ಮಾತು ಸುಳ್ಳು ಅಂದೆ. ಆದದ್ದು ಎಲ್ಲ ಹೇಳಿದೆ. ಸಂಬಂಧ ಮುರಿದರೆ ಮುರಿಯಲಿ, ಅಕ್ಕನ ಮೇಲೆ ಹೊರಿಸಿ ಲಗ್ನ ಮಾಡಲಾರೆ ಅಂದೆ. ಯಲ್ಲವ್ವ ನೆಲ ನೋಡುತ್ತ ಎಲ್ಲ ಕೇಳಿಸಿಕೊಂಡರು. "ಇದು ಮಕ್ಕಳಿಗೆ ಬರ್ತೈತೇನವಾ?" ಅಂತ ಐಶ್ವರ್ಯಳನ್ನೇ ಕೇಳಿದರು.

"ಅಂಟು ರೋಗ ಅಲ್ರಿ ಅತ್ತಿ. ತಾಯಿಂದ ಮಕ್ಕಳಿಗೆ ಇಳಿದು ಬರೂ ರೋಗಾನೂ ಅಲ್ಲಂತ ಡಾಕ್ಟರ ಹೇಳ್ಯಾರ. ಆದ್ರ ನಾಳೆ ನಂಗ ಯಾವ ರೋಗ ಬರ್ತೈತಿ ಅಂತ ಚೀಟಿ ಬರಕೊಡಾಕ ಯಾರಿಂದಾನೂ ಆಗೂದಿಲ್ಲ" ಅಂದಳು. ಇಷ್ಟು ನೆಟ್ಟಗೆ ಮಾತಾಡುವುದನ್ನು ಯಾರು ಕಲಿಸಿದರೋ.

ಯಲ್ಲವ್ವ ಎದ್ದು ಒಳಗೆ ಹೋದರು. ಮುಗಿಯಿತು ಅಂದುಕೊಂಡೆ. ಗಂಡನ ಕೈ ಹಿಡಿದುಕೊಂಡು ಹೊರಗೆ ಬಂದರು. ಸಿದ್ರಾಯಪ್ಪನವರು ನಿಶ್ಚಯದ ದಿನವಿಡೀ ಬಲಗೈಯನ್ನು ಶಾಲಿನೊಳಗೇ ಇಟ್ಟುಕೊಂಡಿದ್ದರು, ನಾನು ಗತ್ತು ಅಂದುಕೊಂಡಿದ್ದೆ. ಈಗ ಶಾಲು ತೆಗೆದರು. ಕೈ ತಾನೇ ತಾನಾಗಿ ನಡುಗುತ್ತಿತ್ತು, ಬೆರಳುಗಳು ಜಪಮಣಿ ಎಣಿಸಿದ ಹಾಗೆ.

"ಒಂದು ವರ್ಷಾತು" ಅಂದರು ಯಲ್ಲವ್ವ. "ಹುಡುಗಗ ಹೆಣ್ಣ ಸಿಗೂದಿಲ್ಲಂತ ಮುಚ್ಚಿಟ್ಟೇವಿ. ಆ ಡಾಕ್ಟರು ಇದನ್ನೂ ನೋಡ್ತಾರೇನವಾ?"

ಹದಿನೆಂಟಕ್ಕೆ ನಂಬರು ಹಚ್ಚಿದ್ದಾಳೆ ನನ್ನ ಮಗಳು. ಕೂಸು ಇನ್ನೂ ಮನೆ ತುಂಬಿಲ್ಲ, ಆಗಲೇ ಮಾವನ ಔಷಧ ನೋಡಿಕೊಳ್ಳುತ್ತಿದ್ದಾಳೆ. ಲಗ್ನ ಮೇ ನಾಲ್ಕಕ್ಕೆ, ಭಾನುವಾರ.

ನಾನು ಆಡಿದ್ದನ್ನು ಕ್ಷಮಿಸುತ್ತಿಯಾ?

ವಿಜಿ


ನಾಗನೂರು
೪-೨-೨೦೨೫, ಸಂಜೆ

ವಿಜಿ,

ನಿನ್ನ ಪತ್ರ ಓದಿ ಎರಡು ದಿನ ಸಿಟ್ಟು ಮಾಡಿದೆ. ಮೂರನೆಯ ದಿನ ಹಸಿವಾಯಿತು. ಎರಡು ರೊಟ್ಟಿ, ಪುಂಡಿಪಲ್ಲೆ, ಹಸಿ ಉಳ್ಳಾಗಡ್ಡಿ ಕಡಕಡ ಅಗಿದು ಉಂಡೆ. ಹೊಟ್ಟೆ ತುಂಬಿದ ಮೇಲೆ ಸಿಟ್ಟು ಹುಡುಕಿದರೂ ಸಿಗಲಿಲ್ಲ. ನಾನು ಸುಳ್ಳು ಮೌನ ಹಿಡಿದೆ, ನೀನು ಸುಳ್ಳು ಮಾತಾಡಿದಿ. ಅಕ್ಕತಂಗಿ ಸರಿಹೋಯಿತು.

ಬೆಳಗಾವಿಯ ಫೋಟೋ ಬಂತು. ಗ್ರಂಥಿ ಸ್ವಚ್ಛ, ಗಡ್ಡೆ ಇಲ್ಲ. ರಕ್ತದ ಪರೀಕ್ಷೆಯಲ್ಲಿ ಡಾಕ್ಟರು ಹೇಳಿದ ರೋಗವೇ ಅಂತ ಖಾತ್ರಿ ಆಯಿತು. ಕಾವಲು ಪಡೆಯ ಸಿಟ್ಟು ಇಳಿಸಲು ಇನ್ನೊಂದು ಔಷಧಿ ಸುರುವಾಗಿದೆ. ರೋಗ ಹೋಗಿಲ್ಲ. ಗುಳಿಗೆ ಬಹಳ ವರ್ಷ ಬೇಕು. ಯಾವ ಡಾಕ್ಟರು ಯಾವ ಹೊಸ ಗುಳಿಗೆ ಕೊಟ್ಟರೂ ಮೊದಲು ಈ ರೋಗದ ಹೆಸರು ಹೇಳಬೇಕು, ಕೆಲವು ಔಷಧಿಗಳು ಇದಕ್ಕೆ ವೈರಿ. ಹೆಸರು ಬರೆದ ಚೀಟಿಯನ್ನು ಲಿಂಗದ ಕರಡಿಗೆಯ ದಾರಕ್ಕೆ ಕಟ್ಟಿಕೊಂಡಿದ್ದೇನೆ. ಕೊರಳಿನ ಲಿಂಗ ಎಲ್ಲಿಯೂ ಬಿಟ್ಟು ಹೋಗುವುದಿಲ್ಲವಲ್ಲ, ಚೀಟಿಯೂ ಜೊತೆಗಿರುತ್ತದೆ.

ನಿನ್ನೆ ಸೋಮವಾರ ಅಕ್ಕನ ಬಳಗದಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ಅದು ಧ್ಯಾನ ಅಲ್ಲ, ರೋಗ. ಮೌನ ಅಲ್ಲ, ನಾಚಿಕೆ. ನಿಮ್ಮಿಂದ ಕಾಲು ಮುಟ್ಟಿಸಿಕೊಂಡದ್ದು ನನ್ನ ತಪ್ಪು ಅಂದೆ. ಬಾಗಿಲ ಹತ್ತಿರ ಕೂತಿದ್ದ ಹಣಮವ್ವ, "ಹಂಗಾರ ನಾ ಕಾಲಿಗಿ ಬಿದ್ದದ್ದು ವಾಪಸ್ ಕೊಡವಾ!" ಅಂದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನು ಹೋಗಿ ಅವಳ ಕಾಲು ಮುಟ್ಟಿದೆ. ಹೌಹಾರಿ ಹಿಂದೆ ಸರಿದಳು. ನಾಯಿ ಕುರಿಗೆ ಬಾಯಿ ಹಾಕಿದ ಮಾತನ್ನೂ ಹೇಳಿದೆ. "ನಮ್ಮ ನಾಯಿ ಹಂಗ ಮಾಡೂದಿಲ್ಲ ಬಿಡು, ಅವು ನಿಮ್ಮ ಮೈಯಾಗಿನ ನಾಯಿ" ಅಂದಳು.

ಆಮೇಲೆ ಐದು ವಚನ ಹಾಡಿದೆ. ಐದನೆಯದೂ ಬಾಯಿಂದಲೇ ಬಂತು.

ಸಿದ್ರಾಯಪ್ಪನವರದು ಬೇರೆ ರಸವಂತೆ, ಐಶ್ವರ್ಯ ಹೇಳಿದಳು. ನನಗೆ ಕೊಂಡಿ ಕಡಿಮೆ, ಅವರಿಗೆ ಮಿದುಳಿನಲ್ಲಿ ರಸವೇ ಕಡಿಮೆ, ಗುಳಿಗೆಯಿಂದ ಕೈಯ ನಡುಕ ಅರ್ಧ ನಿಂತಿದೆ. ಬೀಗರಿಬ್ಬರೂ ಒಂದೇ ಡಾಕ್ಟರ ಬಾಕಿನ ಮೇಲೆ ಕೂತು ನೆಂಟಸ್ತನ ಬೆಳೆಸುತ್ತಿದ್ದೇವೆ.

ಲಗ್ನದ ದಿನದ ಒಂದು ಕೆಲಸ ನಿನಗೆ. ವಧೂವರರ ಮೇಲೆ ಅಕ್ಕಿಕಾಳು ಬೀಳುವುದು ಹನ್ನೆರಡೂವರೆಗೆ ಅಂದಿದ್ದಿ, ಅದು ಹೆಚ್ಚುಕಡಿಮೆ ಆದರೂ ನಡೆದೀತು. ಹುಡುಗಿಯನ್ನು ಕಳಿಸಿಕೊಡುವ ಹೊತ್ತು ಮಾತ್ರ ಮೊದಲೇ ಖಚಿತವಾಗಿ ತಿಳಿಸು. ಅದಕ್ಕೆ ಮುಕ್ಕಾಲು ತಾಸು ಮುಂಚೆ ನಾನು ಗುಳಿಗೆ ನುಂಗಬೇಕು. ದವಡೆ ಸೋತ ಆ ದಿನಗಳಲ್ಲಿ ನಗಲು ಹೋದರೆ ಮುಖ ಹಲ್ಲು ಕಿರಿದಂತೆ ಆಗುತ್ತಿತ್ತು, ಅಳಲು ಹೋದರೆ ದನಿ ಹೊರಡುತ್ತಿರಲಿಲ್ಲ. ನಮ್ಮ ಐಶ್ವರ್ಯ ಗಾಡಿ ಹತ್ತುವಾಗ ಅವಳ ದೊಡ್ಡವ್ವ ಓಣಿಗೆಲ್ಲ ಕೇಳುವಂತೆ ಅಳಬೇಕು.

ಕಸ್ತೂರಿ